ಎಂಟು ಲಕ್ಷ ಚುಕ್ಕಿಗಳ ಲೆಕ್ಕ

1905ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಲೂಯಿಸಾ ಕೌಂಟಿಯ ಮಣ್ಣಿನ ನಕ್ಷೆ ತಯಾರಿಸಲು ಅಲ್ಲಿನ ಕೇಂದ್ರ ಕೃಷಿ ಇಲಾಖೆ ಇಬ್ಬರನ್ನು ಕಳಿಸಿತು. ಒಬ್ಬರು ಹ್ಯೂ ಹ್ಯಾಮಂಡ್ ಬೆನೆಟ್. ಉತ್ತರ ಕ್ಯಾರೊಲಿನಾದ ಹತ್ತಿ ಬೆಳೆಗಾರರ ಮನೆಯ ಹುಡುಗ, ವಯಸ್ಸು 24. ಇನ್ನೊಬ್ಬರು ಅವರ ಸಹೋದ್ಯೋಗಿ ಮೆಕ್ಲೆಂಡನ್. ಆ ಸೀಮೆಯಲ್ಲಿ ಬೆಳೆ ಯಾಕೆ ಸೊರಗುತ್ತಿದೆ ಎಂದು ಪತ್ತೆಮಾಡುವುದೂ ಅವರ ಕೆಲಸವಾಗಿತ್ತು. ಸುತ್ತಾಡುತ್ತಿದ್ದಾಗ ಒಂದು ಕಡೆ ಅಕ್ಕಪಕ್ಕದ ಎರಡು ತುಂಡು ನೆಲ ಕಣ್ಣಿಗೆ ಬಿತ್ತು. ಎರಡಕ್ಕೂ ಒಂದೇ ಇಳಿಜಾರು, ಅಡಿಯಲ್ಲಿ ಒಂದೇ ಜಾತಿಯ ಕಲ್ಲು. ಒಂದು ತುಂಡು ನೇಗಿಲು ಕಾಣದ ಕಾಡು, ಇನ್ನೊಂದು ಬಹುಕಾಲದಿಂದ ಉಳುತ್ತಾ ಬಂದ ಹೊಲ. ಕಾಡಿನ ಮಣ್ಣು ಮೆತ್ತಗೆ, ತೇವವಾಗಿ, ಬರಿಗೈಯಲ್ಲೇ ಬಗೆಯುವಷ್ಟು ಸಡಿಲವಾಗಿತ್ತು. ಹೊಲದಲ್ಲಿದ್ದದ್ದು ಬರೀ ಜೇಡಿ. ಬಿಸಿಲಿಗೆ ಒಣಗಿ ಕಲ್ಲಿನಂತಾಗಿತ್ತು.

ಒಂದೇ ಕಲ್ಲಿನಿಂದ ಹುಟ್ಟಿದ ಮಣ್ಣು ಹೀಗೆ ಎರಡು ಬಗೆ ಆದದ್ದು ಹೇಗೆ? ಹೊಲದಲ್ಲಿ ಕೊರಕಲು ಬಿದ್ದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ, ಕೊರಕಲು ಕುರುಡನ ಕಾಲಿಗೂ ಸಿಗುತ್ತದೆ. ಆದರೆ ಅಲ್ಲಿ ಕೊರಕಲು ಇರಲಿಲ್ಲ. ಪ್ರತಿ ಮಳೆಗೂ ಹೊಲದ ಮೈಯಿಂದ ತೆಳ್ಳನೆಯ ಒಂದು ಪದರ ಎಲ್ಲ ಕಡೆಯಿಂದಲೂ ಒಂದೇ ಸಮನೆ ಹರಿದುಹೋಗಿತ್ತು ಎಂಬ ತೀರ್ಮಾನಕ್ಕೆ ಇಬ್ಬರೂ ಬಂದರು. ಒಂದೇ ಸಮನೆ ಹೋದದ್ದರಿಂದಲೇ ಯಾರೂ ಅದನ್ನು ಗಮನಿಸಿರಲಿಲ್ಲ. ಮೊಮ್ಮಗ ಉಳುತ್ತಿದ್ದದ್ದು ಅಜ್ಜ ಉತ್ತ ಮಣ್ಣನ್ನಲ್ಲ, ಅದರ ಕೆಳಗಿನದನ್ನು. ಇದನ್ನು ಪದರ ಸವಕಳಿ ಎನ್ನುತ್ತಾರೆ. ಎಕರೆಯೊಂದರಿಂದ ವರ್ಷಕ್ಕೆ ಐದು ಟನ್ ಮಣ್ಣು ಹೋದರೂ ನೆಲ ತಗ್ಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಅದನ್ನು ಕಣ್ಣಳತೆಯಲ್ಲಿ ಹೇಳುವುದು ಎಂಥ ಅನುಭವಿ ರೈತನಿಗೂ ಸಾಧ್ಯವಿಲ್ಲ. ಈ ತೆಳು ಪದರವನ್ನು ಒಂದು ಹೊಲದಲ್ಲಲ್ಲ, ಇಡೀ ದೇಶದಲ್ಲಿ, ಒಂದು ವರ್ಷವಲ್ಲ, ದಶಕಗಳ ಕಾಲ ಅಳೆಯುವ ದಾರಿ ಸಿಕ್ಕಿದ್ದು ಹೇಗೆ ಎಂಬುದೇ ಇಲ್ಲಿನ ಕತೆ.

ಬೆನೆಟ್ ಅವರ ಮಾತಿಗೆ ಮೊದಲ ಅಡ್ಡಿ ಬಂದದ್ದು ಸ್ವಂತ ಕಚೇರಿಯಿಂದಲೇ. ಮಣ್ಣು ವಿಭಾಗದ ಮುಖ್ಯಸ್ಥ ಮಿಲ್ಟನ್ ವಿಟ್ನಿ 1909ರ ಪ್ರಕಟಣೆಯೊಂದರಲ್ಲಿ, ರಾಷ್ಟ್ರದ ಆಸ್ತಿಗಳಲ್ಲಿ ಎಂದೂ ನಾಶವಾಗದ್ದು, ಎಷ್ಟು ಬಳಸಿದರೂ ತೀರದ್ದು ಮಣ್ಣೊಂದೇ ಎಂಬರ್ಥದ ಮಾತು ಬರೆದಿದ್ದರು. ಅಷ್ಟು ಚಿಕ್ಕ ವಾಕ್ಯದಲ್ಲಿ ಅಷ್ಟು ದುಬಾರಿ ತಪ್ಪು ಮಾಹಿತಿಯನ್ನು ತುಂಬಬಹುದೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಬೆನೆಟ್ ಆಮೇಲೆ ಅದನ್ನು ಕುಟುಕಿದರು. ಆದರೆ ಆಗ ಅವರ ಬಳಿ ಇದ್ದದ್ದು ಕಂಡ ಸಂಗತಿ ಮಾತ್ರ, ಅಂಕಿ ಇರಲಿಲ್ಲ. ಮೇಲಧಿಕಾರಿಯ ಎದುರು ಬರೀ ಕಂಡದ್ದನ್ನು ಹೇಳಿದರೆ ಎಷ್ಟು ನಡೆಯುತ್ತದೆ ಎಂಬುದು ಸರ್ಕಾರಿ ಕಚೇರಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಅಂಕಿ ಹುಟ್ಟಿದ್ದು ಮಿಸ್ಸೌರಿ ವಿಶ್ವವಿದ್ಯಾಲಯದ ಹೊಲದಲ್ಲಿ. 1917ರಲ್ಲಿ ಮಿಲ್ಲರ್ ಮತ್ತು ಡ್ಯೂಲಿ ಎಂಬ ಮಣ್ಣು ವಿಜ್ಞಾನಿಗಳು ಅಲ್ಲಿ ಇಳಿಜಾರಿನ ನೆಲವನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿ, ಪಕ್ಕದ ನೀರು ಒಳಗೆ ಬಾರದಂತೆ ಅಂಚು ಕಟ್ಟಿ, ಪ್ರತಿ ಪಟ್ಟಿಯ ಬುಡದಲ್ಲೂ ತೊಟ್ಟಿ ಇಟ್ಟರು. ಒಂದರಲ್ಲಿ ಮೆಕ್ಕೆಜೋಳ, ಇನ್ನೊಂದರಲ್ಲಿ ಹುಲ್ಲು, ಮತ್ತೊಂದರಲ್ಲಿ ಬೆಳೆ ಸರದಿ. ಮಳೆ ನಿಂತ ಮೇಲೆ ತೊಟ್ಟಿಯ ಕೆಸರನ್ನು ಒಣಗಿಸಿ ತೂಗುವುದು. ಹೀಗೆ ವರ್ಷಗಟ್ಟಲೆ. ಹದಿನಾಲ್ಕು ವರ್ಷಗಳ ಸರಾಸರಿಯಲ್ಲಿ, ಬಿಡದೆ ಮೆಕ್ಕೆಜೋಳ ಬೆಳೆದ ಪಟ್ಟಿಯಿಂದ ಎಕರೆಗೆ ವರ್ಷಕ್ಕೆ 19.7 ಟನ್ ಮಣ್ಣು ಹೋಗಿತ್ತು. ಹುಲ್ಲಿನ ಪಟ್ಟಿಯಿಂದ ಹೋದದ್ದು 0.34 ಟನ್. ಮೇಲಿನ ಏಳು ಇಂಚು ಮಣ್ಣು ಮೊದಲನೆಯದರಲ್ಲಿ ಸುಮಾರು 50 ವರ್ಷಕ್ಕೆ ಮುಗಿಯುತ್ತದೆ, ಎರಡನೆಯದರಲ್ಲಿ ಮೂರು ಸಾವಿರ ವರ್ಷ ಬೇಕು. ಲೂಯಿಸಾದ ಕಾಡಿಗೂ ಹೊಲಕ್ಕೂ ಇದ್ದ ವ್ಯತ್ಯಾಸ ಈಗ ತಕ್ಕಡಿಯಲ್ಲಿ ಕೂತಿತು.

1928ರಲ್ಲಿ ಬೆನೆಟ್ ಸವಕಳಿಯನ್ನು ರಾಷ್ಟ್ರೀಯ ಪಿಡುಗು ಎಂದು ಕರೆದ ಕಿರುಹೊತ್ತಗೆ ಬಂತು. ಮರುವರ್ಷ ಅಮೆರಿಕದ ಸಂಸತ್ತು 1,60,000 ಡಾಲರ್ ಕೊಟ್ಟಿತು. ಒಕ್ಲಹೋಮಾದ ಗತ್ರಿ, ಮಿಸ್ಸೌರಿಯ ಬೆಥನಿ, ಟೆಕ್ಸಸ್‌ನ ಟೈಲರ್, ವಿಸ್ಕಾನ್ಸಿನ್‌ನ ಲಾ ಕ್ರಾಸ್ ಹೀಗೆ ಬೇರೆ ಬೇರೆ ಮಣ್ಣಿನ ಸೀಮೆಗಳಲ್ಲಿ ಹತ್ತು ಪ್ರಯೋಗ ಕೇಂದ್ರಗಳು ತಲೆಯೆತ್ತಿದವು. ಅಲ್ಲಿನ ಸಾಮಾನ್ಯ ಪಟ್ಟಿ ಆರು ಅಡಿ ಅಗಲ, 72.6 ಅಡಿ ಉದ್ದ. ಈ ವಿಚಿತ್ರ ಅಳತೆಯ ಹಿಂದೆ ಪ್ರಕೃತಿಯ ಯಾವ ನಿಯಮವೂ ಇಲ್ಲ. ಎರಡನ್ನೂ ಗುಣಿಸಿದರೆ ಎಕರೆಯ ನೂರನೇ ಒಂದು ಭಾಗ, ಅಂದರೆ ನಮ್ಮ ಕರಾವಳಿಯವರ ಲೆಕ್ಕದಲ್ಲಿ ಸರಿಯಾಗಿ ಒಂದು ಸೆಂಟ್ ಜಾಗ ಬರುತ್ತದೆ. ತೊಟ್ಟಿಯ ಮಣ್ಣನ್ನು ನೂರರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿದ್ಧ. ಲೆಕ್ಕ ಸಲೀಸಾಗಲಿ ಎಂದು ಮಾಡಿಕೊಂಡ ಈ ಉದ್ದವೇ ಮುಂದೆ ಜಗತ್ತಿನ ಮಾನದಂಡವಾಯಿತು. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೃಷಿ ಓದುವ ಹುಡುಗರು ಇವತ್ತಿಗೂ 22.13 ಮೀಟರ್ ಎಂದು ಉರುಹೊಡೆಯುವುದು ಇದನ್ನೇ.

ಆಮೇಲೆ ಬಂದ ಧೂಳಿನ ವರ್ಷಗಳ ಬಗ್ಗೆ ಓದದವರು ಕಡಿಮೆ. 1934ರ ಮೇ ತಿಂಗಳಲ್ಲಿ ಒಳನಾಡಿನ ಬಯಲಿನಿಂದ ಎದ್ದ ಧೂಳು ನ್ಯೂಯಾರ್ಕ್, ವಾಷಿಂಗ್ಟನ್‌ಗಳನ್ನು ಮುಸುಕಿ, ಅಟ್ಲಾಂಟಿಕ್‌ನಲ್ಲಿದ್ದ ಹಡಗುಗಳ ಮೇಲೂ ಬಿತ್ತು. ಬೆನೆಟ್ ಸೆನೆಟ್ ಸಮಿತಿಯ ಮುಂದೆ ಮಾತಾಡುತ್ತಾ, ಇನ್ನೊಂದು ಧೂಳುಮಳೆ ವಾಷಿಂಗ್ಟನ್ ತಲುಪುವವರೆಗೆ ಬೇಕೆಂದೇ ಮಾತನ್ನು ಎಳೆದರು ಎಂಬ ಕತೆ ಬಹಳ ಜನಪ್ರಿಯ. ಕತೆಯಲ್ಲಿ ಒಗ್ಗರಣೆ ಎಷ್ಟಿದೆಯೋ, 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣೆಯ ಕಾಯಿದೆ ಬಂದದ್ದು, 1933ರಲ್ಲಿ ಶುರುವಾಗಿದ್ದ ಬೆನೆಟ್ ಅವರ ಇಲಾಖೆ ಅದರಡಿ ಕಾಯಂ ಸೇವಾ ಇಲಾಖೆಯಾಗಿ, ಅವರೇ ಅದರ ಮುಖ್ಯಸ್ಥರಾದದ್ದು ನಿಜ. ಅಮೆರಿಕದ ಮಣ್ಣಿನ ಕತೆ ಹೇಳುವವರೆಲ್ಲ ಈ ಧೂಳಿನಲ್ಲೇ ನಿಂತುಬಿಡುತ್ತಾರೆ. ನನಗೆ ಅದು ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಆಕಾಶವನ್ನೇ ಕಪ್ಪಾಗಿಸುವ ಧೂಳನ್ನು ಕಾಣಲು ವಿಜ್ಞಾನ ಬೇಕಾಗಿಲ್ಲ.

ಆ ಗಡಿಬಿಡಿಯಲ್ಲೇ 1934ರಲ್ಲಿ ದೇಶದ ಮೊದಲ ಸವಕಳಿ ಸಮೀಕ್ಷೆ ನಡೆಯಿತು. ನೂರಕ್ಕೆ ಸ್ವಲ್ಪ ಮೇಲ್ಪಟ್ಟ ತಜ್ಞರು ಸುಮಾರು ಎರಡು ತಿಂಗಳಲ್ಲಿ ಇಡೀ ದೇಶದ ನಕ್ಷೆ ಮುಗಿಸಿದರು. ಹಣ ತರಲು, ಜನರನ್ನು ಒಪ್ಪಿಸಲು ಅದು ಸಾಕಾಯಿತು. ಆದರೆ ಅದು ಪಳಗಿದ ಕಣ್ಣುಗಳ ಅಂದಾಜು. ಹತ್ತು ವರ್ಷದ ಮೇಲೆ ಬೇರೆ ನೂರು ಜನ ಹೋಗಿ ಬೇರೆ ಅಂದಾಜು ತಂದರೆ, ಬದಲಾದದ್ದು ಮಣ್ಣೋ ನೋಡಿದ ಕಣ್ಣೋ ಎಂದು ಹೇಳುವವರಾರು? ಸವಕಳಿ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಎರಡು ಸಂಗತಿ ಬೇಕಿತ್ತು: ನೋಡುವವರ ಮೇಲೆ ನಿಲ್ಲದ ಅಳತೆ, ಮತ್ತು ಎಲ್ಲಿ ಅಳೆಯಬೇಕು ಎಂಬುದಕ್ಕೆ ಪಕ್ಷಪಾತವಿಲ್ಲದ ಆಯ್ಕೆ. ಎರಡೂ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ ಬೆಳೆದವು.

ಅಳತೆಯ ಕಡೆಗೆ ನಡೆದ ಕೆಲಸಗಳಲ್ಲಿ ನನಗೆ ಅಚ್ಚುಮೆಚ್ಚಿನದು ಹಿಟ್ಟಿನ ಪ್ರಯೋಗ. ಮಳೆಹನಿ ಎಷ್ಟು ದಪ್ಪ ಎಂದು ತಿಳಿಯಬೇಕಿತ್ತು. ದಪ್ಪ ತಿಳಿದರೆ ಬೀಳುವ ವೇಗ, ವೇಗದಿಂದ ಹೊಡೆತದ ಬಲ ಸಿಗುತ್ತದೆ. ಲಾಸ್ ಮತ್ತು ಪಾರ್ಸನ್ಸ್ ಎಂಬಿಬ್ಬರು ತಟ್ಟೆಯಲ್ಲಿ ನಯವಾದ ಹಿಟ್ಟು ಹರವಿ ಮಳೆಗೆ ಒಂದು ಕ್ಷಣ ಒಡ್ಡಿ ಒಳಗೆ ತಂದರು. ಬಿದ್ದ ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದೊಂದು ಪುಟ್ಟ ಉಂಡೆಯಾಗಿ ಕೂತಿರುತ್ತಿತ್ತು. ಅದನ್ನು ಬಿಸಿಗೆ ಒಣಗಿಸಿ, ಜರಡಿ ಹಿಡಿದು, ಗಾತ್ರದ ಪ್ರಕಾರ ಬೇರ್ಪಡಿಸಿ ತೂಗಿದರು. ಇಷ್ಟೇ. ಜಡಿಮಳೆಯ ಹನಿಗಳು ಸೋನೆಯ ಹನಿಗಳಿಗಿಂತ ಎಷ್ಟು ದೊಡ್ಡವು, ಮಳೆಯ ಬಿರುಸಿಗೂ ಹನಿಯ ಗಾತ್ರಕ್ಕೂ ಏನು ಸಂಬಂಧ ಎಂಬುದು 1943ರ ಅವರ ಪ್ರಬಂಧದಿಂದ ತಿಳಿಯಿತು. ಮರುವರ್ಷ ಎಲಿಸನ್ ಎಂಬ ಎಂಜಿನಿಯರ್, ಸವಕಳಿ ಶುರುವಾಗುವುದು ಹರಿಯುವ ನೀರಿನಿಂದಲ್ಲ, ಬೀಳುವ ಹನಿಯ ಏಟಿನಿಂದ ಎಂದು ತೋರಿಸಿದರು. ಹನಿ ಬಿದ್ದಲ್ಲಿ ಮಣ್ಣಿನ ಹೆಂಟೆ ಒಡೆದು ಕಣಗಳು ಸಿಡಿಯುತ್ತವೆ, ಹರಿವ ನೀರು ಆಮೇಲೆ ಅವನ್ನು ಹೊತ್ತೊಯ್ಯುತ್ತದೆ. ನೆಲದ ಮೇಲೆ ಎಲೆಯೋ ಕೂಳೆಯೋ ಇದ್ದರೆ ಏಟು ಅದಕ್ಕೆ ಬೀಳುತ್ತದೆ. ಮಿಸ್ಸೌರಿಯ ಹುಲ್ಲು ಮಣ್ಣನ್ನು ಉಳಿಸಿದ ಗುಟ್ಟು ಇದು.

ಈ ನಡುವೆ ಹತ್ತು ಕೇಂದ್ರಗಳಲ್ಲೂ, ಆಮೇಲೆ ಸೇರಿಕೊಂಡ ಇತರ ಕೇಂದ್ರಗಳಲ್ಲೂ ದಾಖಲೆ ಪುಸ್ತಕಗಳು ತುಂಬುತ್ತಿದ್ದವು. ಒಬ್ಬೊಬ್ಬರೂ ತಮ್ಮ ಸೀಮೆಗೆ ಹೊಂದುವ ಒಂದೊಂದು ಸೂತ್ರ ಕಟ್ಟಿಕೊಂಡಿದ್ದರು. 1954ರಲ್ಲಿ ಇಂಡಿಯಾನಾದ ಪರ್ಡೂ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರ ತೆರೆದು, ವಾಲ್ಟರ್ ವಿಷ್‌ಮೈಯರ್ ಎಂಬ ಸಂಖ್ಯಾಶಾಸ್ತ್ರಜ್ಞರ ಕೈಗೆ ಎಲ್ಲವನ್ನೂ ಕೊಟ್ಟರು. ಒಂದು ಪಟ್ಟಿಯ ಒಂದು ವರ್ಷದ ದಾಖಲೆಯನ್ನು ಒಂದು ಎಂದು ಎಣಿಸಿದರೆ ಅವರ ಮುಂದೆ ಇದ್ದದ್ದು 10,000ಕ್ಕೂ ಹೆಚ್ಚು. ಅದೆಲ್ಲ ಪಂಚ್ ಕಾರ್ಡುಗಳಿಗೆ ಇಳಿಯಿತು. ಮಳೆಯ ಒಟ್ಟು ಪ್ರಮಾಣಕ್ಕೂ ಹೋದ ಮಣ್ಣಿಗೂ ತಾಳೆ ಸರಿಯಾಗಿ ಬರಲಿಲ್ಲ. ಮಳೆಯ ಹೊಡೆತದ ಶಕ್ತಿಯನ್ನು ಅದೇ ಮಳೆಯ ಅತಿ ಬಿರುಸಾದ 30 ನಿಮಿಷಗಳ ತೀವ್ರತೆಯಿಂದ ಗುಣಿಸಿದಾಗ ತಾಳೆ ಬಂತು. ಶಕ್ತಿಯ ಲೆಕ್ಕಕ್ಕೆ ಅವರು ನೆಚ್ಚಿದ್ದು ಅದೇ ಹಿಟ್ಟಿನ ಉಂಡೆಗಳನ್ನು. ಸಹೋದ್ಯೋಗಿ ಡ್ವೈಟ್ ಸ್ಮಿತ್ ಜೊತೆ ಸೇರಿ 1965ರಲ್ಲಿ ಅವರು ಪ್ರಕಟಿಸಿದ ಸೂತ್ರಕ್ಕೆ ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣ ಎಂದು ಹೆಸರು. ಮಳೆಯ ಬಿರುಸು, ಮಣ್ಣು ಕರಗುವ ಗುಣ, ಇಳಿಜಾರಿನ ಉದ್ದ, ಅದು ಎಷ್ಟು ಕಡಿದು ಎಂಬುದು, ಬೆಳೆ, ಬದು-ಒಡ್ಡಿನಂಥ ರಕ್ಷಣೆ ಈ ಆರನ್ನೂ ಗುಣಿಸಿದರೆ ಎಕರೆಗೆ ವರ್ಷಕ್ಕೆ ಎಷ್ಟು ಟನ್ ಎಂಬ ಉತ್ತರ. ಗಾಳಿಯ ಸವಕಳಿಗೆ ಕ್ಯಾನ್ಸಾಸ್‌ನಲ್ಲಿ ಚೆಪಿಲ್ ಎಂಬ ವಿಜ್ಞಾನಿ ಮತ್ತು ಅವರ ಬಳಗ ಬೇರೆಯದೇ ಸೂತ್ರ ಕಟ್ಟಿತು. ಗಾರ್ಡನ್ ಸಿಟಿ ಎಂಬ ಊರಿನ ಹವೆಯನ್ನು 100 ಎಂದಿಟ್ಟುಕೊಂಡು ಉಳಿದೆಲ್ಲ ಊರುಗಳನ್ನೂ ಅದರ ಪಕ್ಕದಲ್ಲಿಟ್ಟು ಅಳೆದರು.

ಈಗ ತೊಟ್ಟಿ ಇಲ್ಲದೆಯೂ ಯಾವ ಹೊಲದ ಸವಕಳಿಯನ್ನಾದರೂ ಲೆಕ್ಕ ಹಾಕಬಹುದಿತ್ತು. ಆದರೆ ಯಾವ ಹೊಲದ್ದು? ಅಧಿಕಾರಿಯನ್ನು ಕಳಿಸಿದರೆ ಅವನು ರಸ್ತೆ ಬದಿಯ ಹೊಲಕ್ಕೆ ಹೋಗುತ್ತಾನೆ, ಇಲ್ಲವೇ ಎಲ್ಲಕ್ಕಿಂತ ಕೆಟ್ಟುಹೋದ ಹೊಲವನ್ನು ಹುಡುಕಿ ತೋರಿಸುತ್ತಾನೆ. ಇದಕ್ಕೆ ಮದ್ದು ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ ಸಿದ್ಧವಾಗುತ್ತಿತ್ತು. ಅಲ್ಲಿನ ಕಾಲೇಜಿನಲ್ಲಿ ಜಾರ್ಜ್ ಸ್ನೆಡೆಕರ್ 1933ರಲ್ಲಿ ಸಂಖ್ಯಾಶಾಸ್ತ್ರ ಪ್ರಯೋಗಾಲಯ ಕಟ್ಟಿದ್ದರು. 1940ರ ದಶಕದಲ್ಲಿ ಅಲ್ಲಿನವರು ದೇಶದ ಕೃಷಿಭೂಮಿಗೆಲ್ಲ ಅನ್ವಯವಾಗುವಂತೆ ತುಂಡುಗಳನ್ನು ಚೀಟಿ ಎತ್ತಿದಂತೆ ಆಯ್ದ ಒಂದು ಮಹಾ ಮಾದರಿ ಸಿದ್ಧಮಾಡಿದರು. ಅದಕ್ಕೆ ಕೆಲವೇ ವರ್ಷ ಮೊದಲು ಬಂಗಾಳದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಸೆಣಬಿನ ಬೆಳೆ ಎಷ್ಟು ಎಕರೆಯಲ್ಲಿದೆ ಎಂದು ತಿಳಿಯಲು ಇದೇ ಬಗೆಯ ಮಾದರಿ ಸಮೀಕ್ಷೆ ನಡೆಸಿದ್ದರು. ನಮ್ಮವರೇ ಆದ ಪಿ.ವಿ. ಸುಖಾತ್ಮೆ ಅವರ ಮಾದರಿ ಸಮೀಕ್ಷೆಯ ಪುಸ್ತಕವನ್ನು 1954ರಲ್ಲಿ ಪ್ರಕಟಿಸಿದ್ದು ಇದೇ ಅಯೋವಾ ಕಾಲೇಜಿನ ಮುದ್ರಣಾಲಯ. ಹೊಲ ಎಣಿಸುವ ವಿದ್ಯೆಯಲ್ಲಿ ಭಾರತ ಆಗ ಯಾರಿಗೂ ಹಿಂದೆ ಇರಲಿಲ್ಲ.

ಸೂತ್ರ ಮತ್ತು ಚೀಟಿ ಒಂದಾಗಲು ಇನ್ನಷ್ಟು ಕಾಲ ಹಿಡಿಯಿತು. 1958ರಲ್ಲಿ, ಮತ್ತೆ 1967ರಲ್ಲಿ ನೆಲದ ಶೇ 2ರಷ್ಟನ್ನು ಆಯ್ದು ಒಂದು ಸಮೀಕ್ಷೆ ಆಯಿತು. ಅದರ ಗಮನ ಎಲ್ಲೆಲ್ಲಿ ಏನೇನು ರಕ್ಷಣಾ ಕೆಲಸ ಬೇಕು ಎಂಬುದರ ಮೇಲಿತ್ತು. 1972ರ ಗ್ರಾಮೀಣಾಭಿವೃದ್ಧಿ ಕಾಯಿದೆ, ನೆಲದ ಸ್ಥಿತಿಯ ವರದಿಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಕೊಡಲೇಬೇಕು ಎಂದು ವಿಧಿಸಿತು. ಅದೇ ಹೊತ್ತಿಗೆ ರಷ್ಯಾಕ್ಕೆ ಗೋಧಿ ಮಾರಾಟ ಜೋರಾಗಿ, ಬೆಲೆ ಏರಿ, ಬೇಲಿಯಂಚಿನವರೆಗೂ ಉಳಿ ಎಂದು ಸರ್ಕಾರವೇ ರೈತರಿಗೆ ಹೇಳುತ್ತಿತ್ತು. ಉತ್ತದ್ದರ ಫಲ ಏನು ಎಂದು ತಿಳಿಯುವ ತುರ್ತೂ ಹುಟ್ಟಿತು. 1977ರಲ್ಲಿ ಸುಮಾರು 70,000 ತುಂಡುಗಳಲ್ಲಿ ಮೊದಲ ರಾಷ್ಟ್ರೀಯ ಸಂಪನ್ಮೂಲ ಸಮೀಕ್ಷೆ ನಡೆಯಿತು. 1982ರಲ್ಲಿ ಅದನ್ನು ಮೂರು ಲಕ್ಷಕ್ಕೂ ಹೆಚ್ಚು ತುಂಡುಗಳಿಗೆ ವಿಸ್ತರಿಸಿದರು. ಅಮೆರಿಕದ ಸವಕಳಿಯ ಏರಿಳಿತದ ಲೆಕ್ಕ ಇವತ್ತಿಗೂ ಶುರುವಾಗುವುದು ಈ 1982ರಿಂದ.

ಒಂದು ಚುಕ್ಕಿಯ ಬಳಿಗೆ ಹೋಗಿ ನೋಡೋಣ. ಅಮೆರಿಕದ ಒಳನಾಡನ್ನು ಹದಿನೆಂಟನೇ ಶತಮಾನದ ಕೊನೆಯಿಂದಲೇ ಚೌಕ ಮೈಲಿಗಳಾಗಿ ಗೆರೆ ಹೊಡೆದು ಹಂಚಿದ್ದಾರೆ. ಎರಡು ಮೈಲಿ ಅಗಲ, ಆರು ಮೈಲಿ ಉದ್ದದ ಒಂದು ಪಟ್ಟೆಯಲ್ಲಿ 160 ಎಕರೆಯ 48 ತುಂಡುಗಳು ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಎರಡನ್ನು ಚೀಟಿ ಎತ್ತಿ ಆರಿಸುತ್ತಾರೆ. ಒಂದೊಂದು ತುಂಡಿನೊಳಗೂ ಮೂರು ಚುಕ್ಕಿ, ಅದೂ ಚೀಟಿಯಿಂದಲೇ. ವಿಮಾನದಿಂದ ತೆಗೆದ ಚಿತ್ರದ ಮೇಲೆ ಆ ಚುಕ್ಕಿಗಳನ್ನು ಗುರುತಿಸಿಕೊಂಡು ನೌಕರ ಹೊಲಕ್ಕೆ ಹೋಗಬೇಕು. ಚುಕ್ಕಿ ಜೋಳದ ಸಾಲಿನ ನಡುವೆ ಬಿದ್ದಿರಬಹುದು, ಕೊಟ್ಟಿಗೆಯ ಮೇಲೆ ಬಿದ್ದಿರಬಹುದು. ಇಲ್ಲಿ ಬೇಡ, ಆಚೆ ಚೆನ್ನಾಗಿದೆ ಎಂದು ಹತ್ತು ಹೆಜ್ಜೆ ಸರಿಯುವಂತಿಲ್ಲ. ನಿಂತಲ್ಲಿ ಇಳಿಜಾರು ಎಷ್ಟು, ಎಲ್ಲಿಂದ ಎಲ್ಲಿವರೆಗೆ ಎಂದು ಅಳೆದು, ಮಣ್ಣಿನ ಜಾತಿ ಬರೆದುಕೊಂಡು, ಈ ವರ್ಷ ಏನು ಬೆಳೆ, ಹಿಂದಿನ ಮೂರು ವರ್ಷ ಏನಿತ್ತು, ಕೂಳೆ ಬಿಟ್ಟಿದ್ದರೋ ಉತ್ತುಹಾಕಿದ್ದರೋ ಎಂದು ದಾಖಲಿಸಬೇಕು. ಸೂತ್ರಕ್ಕೆ ಬೇಕಾದ, ಹೊಲದಲ್ಲೇ ಸಿಗುವ ಅಂಶಗಳು ಹೀಗೆ ಕೈಸೇರುತ್ತವೆ.

ಐದು ವರ್ಷದ ಮೇಲೆ ಅದೇ ಚುಕ್ಕಿಗೆ ಮತ್ತೆ ಹೋಗಬೇಕು. ಈ ಇಡೀ ಸಾಹಸದ ನಿಜವಾದ ಆವಿಷ್ಕಾರ ನನ್ನ ಮಟ್ಟಿಗೆ ಇದು. ಪ್ರತಿ ಸಲವೂ ಹೊಸ ಚೀಟಿ ಎತ್ತಿದ್ದರೆ, ಹೊಲ ಕಡಿಮೆಯಾಯಿತು, ಪಟ್ಟಣ ಹೆಚ್ಚಿತು ಎಂಬ ಮೊತ್ತ ಮಾತ್ರ ಸಿಗುತ್ತಿತ್ತು. ಅದೇ ಚುಕ್ಕಿಗೆ ಮರಳಿದರೆ, 1982ರಲ್ಲಿ ಗೋಧಿ ಇದ್ದದ್ದು 1987ರಲ್ಲಿ ಹುಲ್ಲುಗಾವಲಾಗಿ, 1997ರಲ್ಲಿ ಮನೆಗಳಾದದ್ದು ತಿಳಿಯುತ್ತದೆ. ಏನು ಹೋಗಿ ಏನು ಬಂತು ಎಂಬುದು ಮೊತ್ತದಿಂದ ತಿಳಿಯುವಂಥದ್ದಲ್ಲ. 1987, 1992, 1997ರಲ್ಲಿ ಸುಮಾರು ಎಂಟು ಲಕ್ಷ ಚುಕ್ಕಿಗಳ ಕತೆ ಹೀಗೆ ಬೆಳೆಯಿತು. 2000ದಿಂದ ಪ್ರತಿ ವರ್ಷ ಒಂದಿಷ್ಟು ಚುಕ್ಕಿಗಳನ್ನು ಸರದಿಯಂತೆ ನೋಡುತ್ತಾರೆ, ಕೆಲವನ್ನು ಪ್ರತಿ ವರ್ಷವೂ. ಈಗ ಹೆಚ್ಚಿನ ಕೆಲಸ ಆಕಾಶದ ಚಿತ್ರಗಳನ್ನು ಓದಿಯೇ ನಡೆಯುತ್ತದೆ. ಚುಕ್ಕಿಗಳು ಎಲ್ಲಿವೆ ಎಂಬುದನ್ನು ಮಾತ್ರ ಹೊರಗಿನವರಿಗೆ ಹೇಳುವುದಿಲ್ಲ. ಹೇಳಿದರೆ ಅಲ್ಲಷ್ಟೇ ಬದು ಹಾಕುವ ಜಾಣರು ಅಲ್ಲೂ ಇದ್ದಾರು.

ಸಿಕ್ಕಿದ್ದೇನು? 1970ರ ದಶಕದ ಸಮೀಕ್ಷೆಯಿಂದಲೇ ಒಂದು ಸಂಗತಿ ಎದ್ದುಬಂತು. ನೆಲ ತಾಳಬಲ್ಲ ಮಿತಿಯನ್ನು ಮೀರಿದ ಸವಕಳಿಯ ಬಹುಪಾಲು ಬರುತ್ತಿದ್ದದ್ದು ಸಾಗುವಳಿ ಭೂಮಿಯ ಒಂದು ಸಣ್ಣ ಭಾಗದಿಂದ. ಅಷ್ಟರವರೆಗೆ ಇಲಾಖೆ ಕೇಳಿದವರಿಗೆಲ್ಲ ಸಲಹೆ ಹಂಚುತ್ತಿತ್ತು. 1985ರ ಕೃಷಿ ಕಾಯಿದೆ ದಿಕ್ಕು ಬದಲಿಸಿತು. ಬೇಗ ಸವೆಯುವ ನೆಲವನ್ನು ಉಳುವವರು ರಕ್ಷಣೆಯ ಯೋಜನೆ ಪಾಲಿಸದಿದ್ದರೆ ಸರ್ಕಾರದ ನೆರವು ನಿಲ್ಲುತ್ತದೆ. ಹತ್ತು ಹದಿನೈದು ವರ್ಷ ಉಳದೆ ಹುಲ್ಲು ಬೆಳೆಸಿದರೆ ಸರ್ಕಾರ ಬಾಡಿಗೆ ಕೊಡುತ್ತದೆ. ಕೆಲವೇ ವರ್ಷಗಳಲ್ಲಿ 3.6 ಕೋಟಿ ಎಕರೆ ಹೀಗೆ ಹುಲ್ಲಿಗೆ ಮರಳಿತು. ಕೊಯ್ಲಾದ ಮೇಲೆ ಕೂಳೆಯನ್ನು ನೆಲದ ಮೇಲೇ ಬಿಟ್ಟು ಉಳದೆ ಬಿತ್ತುವ ಪದ್ಧತಿಯೂ ಹರಡಿತು. ಚುಕ್ಕಿಗಳು ಇದನ್ನು ದಾಖಲಿಸಿದವು: ಸಾಗುವಳಿ ಭೂಮಿಯಲ್ಲಿ ನೀರಿನಿಂದ ಆಗುವ ಸವಕಳಿ 1982ರಲ್ಲಿ ವರ್ಷಕ್ಕೆ 168 ಕೋಟಿ ಟನ್ ಇದ್ದದ್ದು 2007ಕ್ಕೆ 96 ಕೋಟಿಗೆ, ಗಾಳಿಯಿಂದ ಆಗುವುದು 138 ಕೋಟಿಯಿಂದ 76.5 ಕೋಟಿಗೆ ಇಳಿಯಿತು. ಒಟ್ಟಿನಲ್ಲಿ ಶೇ 43 ಇಳಿಕೆ. ಇಳಿಕೆಯ ಬಹುಪಾಲು ಮೊದಲ ಹದಿನೈದು ವರ್ಷಗಳಲ್ಲೇ ಆಯಿತು, ಆಮೇಲೆ ಗೆರೆ ಹೆಚ್ಚು ಕಡಿಮೆ ಮಟ್ಟಸವಾಗಿ ಸಾಗಿದೆ. ಇದೇ 25 ವರ್ಷಗಳಲ್ಲಿ ಕಟ್ಟಡ, ರಸ್ತೆಗಳಿಗೆ ಹೋದ ನೆಲ ಸುಮಾರು ನಾಲ್ಕು ಕೋಟಿ ಎಕರೆ. ಅಲ್ಲಿಯವರೆಗೆ ಆ ದೇಶದ ಮುಖ್ಯ ಭೂಭಾಗದಲ್ಲಿ ಕಟ್ಟಿದ್ದೆಲ್ಲದರ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಈ ಕಾಲು ಶತಮಾನದ್ದು.

ಇಂಥ ಅಂಕಿಗಳು ಎಡವುವುದೂ ಉಂಟು. 1999ರ ಡಿಸೆಂಬರ್‌ನಲ್ಲಿ 1997ರ ಸಮೀಕ್ಷೆಯ ಫಲಿತಾಂಶ ಹೊರಬಂದಾಗ, ಐದು ವರ್ಷಗಳಲ್ಲಿ ಸುಮಾರು 1.6 ಕೋಟಿ ಎಕರೆ ನೆಲ ಪಟ್ಟಣದ ಪಾಲಾಯಿತು ಎಂದು ದೊಡ್ಡ ಸುದ್ದಿಯಾಯಿತು. ಕೆಲವೇ ತಿಂಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಪ್ಪು ನುಸುಳಿದ್ದು ಇಲಾಖೆಗೇ ಗೊತ್ತಾಯಿತು. ಫಲಿತಾಂಶ ಹಿಂತೆಗೆದುಕೊಂಡು, ಮತ್ತೆ ಲೆಕ್ಕ ಹಾಕಿ, 2000ದ ಕೊನೆಗೆ ಪರಿಷ್ಕೃತ ಅಂಕಿ ಕೊಟ್ಟರು: 1.12 ಕೋಟಿ ಎಕರೆ. ಮುಜುಗರವೇನೋ ಆಯಿತು. ಆದರೆ ಮೂಲ ದಾಖಲೆ ಚುಕ್ಕಿ ಚುಕ್ಕಿಯಾಗಿ ಉಳಿದಿದ್ದರಿಂದಲೇ ತಿದ್ದಲು ಸಾಧ್ಯವಾಯಿತು. ಹೊಸ ಸುತ್ತು ಬಂದಾಗಲೆಲ್ಲ ಹಳೆಯ ವರ್ಷಗಳ ಅಂಕಿಯನ್ನೂ ಮತ್ತೆ ಪರಿಶೀಲಿಸಿ ಪ್ರಕಟಿಸುವುದು ಅಲ್ಲಿನ ಪದ್ಧತಿ.

ಇನ್ನೊಂದು ತಕರಾರು ಹೆಚ್ಚು ಆಳದ್ದು. ವಿಸ್ಕಾನ್ಸಿನ್‌ನ ಕೂನ್ ಕಣಿವೆ ಬೆನೆಟ್ ಅವರ ಇಲಾಖೆ 1933ರಲ್ಲಿ ಕೈಗೆತ್ತಿಕೊಂಡ ಮೊದಲ ಜಲಾನಯನ. ಅಲ್ಲಿ 1930ರ ದಶಕದ ಕೊನೆಗೆ ಭೂವಿಜ್ಞಾನಿಗಳು ಕಣಿವೆಗೆ ಅಡ್ಡಲಾಗಿ ಗೆರೆ ಹಿಡಿದು, ಎಲ್ಲಿ ಎಷ್ಟು ಹೂಳು ಕೂತಿದೆ ಎಂದು ಅಳೆದಿಟ್ಟಿದ್ದರು. ಸ್ಟ್ಯಾನ್ಲಿ ಟ್ರಿಂಬಲ್ ಎಂಬ ಭೂಗೋಳ ವಿಜ್ಞಾನಿ ದಶಕಗಳ ಮೇಲೆ ಅದೇ ಗೆರೆಗಳಿಗೆ ಮರಳಿ ಅಳೆದರು. 1975ರಿಂದ 1993ರ ನಡುವೆ ಹೂಳು ತುಂಬುವ ವೇಗ 1930ರ ದಶಕದ್ದರ ಶೇ 6ಕ್ಕೆ ಇಳಿದಿತ್ತು. ದೇಶದ ಸವಕಳಿ ಭಯಂಕರ ಎಂದು ಸೂತ್ರದ ಬಲದಿಂದ ಹೇಳುವವರು ಹೊಳೆಯಲ್ಲಿ ಅದರ ಗುರುತು ತೋರಿಸಲಿ ಎಂದು 2000ದಲ್ಲಿ ಅವರು ಅರ್ಥಶಾಸ್ತ್ರಜ್ಞ ಪಿಯರ್ ಕ್ರಾಸನ್ ಜೊತೆ ಸೇರಿ ಸವಾಲೆಸೆದರು. ಸವಾಲು ನ್ಯಾಯವಾದದ್ದೇ. ಸಮೀಕರಣ ಹೇಳುವುದು ಇಳಿಜಾರಿನಲ್ಲಿ ಮಣ್ಣು ಎಷ್ಟು ಜರುಗಿತು ಎಂಬುದನ್ನು. ಅದರಲ್ಲಿ ಬಹಳಷ್ಟು ಅದೇ ಹೊಲದ ತಗ್ಗಿನಲ್ಲೋ ಬೇಲಿಯ ಬುಡದಲ್ಲೋ ನಿಲ್ಲುತ್ತದೆ. ಕೊರಕಲುಗಳಿಂದ ಹೋಗುವ ಮಣ್ಣು ಈ ಸಮೀಕ್ಷೆಯ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಎಷ್ಟು ಕೋಟಿ ಟನ್ ಎಂಬುದಕ್ಕಿಂತ ಏರಿತೋ ಇಳಿಯಿತೋ ಎಂಬ ಮಾತನ್ನೇ ಹೆಚ್ಚು ನಂಬಬೇಕು. ಟ್ರಿಂಬಲ್ ಅವರ ಗೆಲುವೂ ಹಳೆಯ ಜಾಗಕ್ಕೆ ಮರಳಿದ್ದರಿಂದಲೇ ಬಂದದ್ದು ಎಂಬುದು ಸ್ವಾರಸ್ಯ.

ನಮ್ಮಲ್ಲಿ? ಬೆನೆಟ್ ಅವರ ಇಲಾಖೆ ಶುರುವಾದ 1933ರ ಸುಮಾರಿಗೇ ಬಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಬಳ್ಳಾರಿಯ ಎರೆ ಭೂಮಿಗಾಗಿ ಮಣ್ಣು ಸಂರಕ್ಷಣಾ ಕೇಂದ್ರ ತೆರೆದದ್ದು 1954ರಲ್ಲಿ, ವಿಷ್‌ಮೈಯರ್ ಪರ್ಡೂದಲ್ಲಿ ಕೂತ ವರ್ಷವೇ. ಇಡೀ ದೇಶದ ಅಂದಾಜನ್ನು ಧ್ರುವ ನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು 1983ರಲ್ಲಿ ಕೊಟ್ಟರು: ವರ್ಷಕ್ಕೆ 533.4 ಕೋಟಿ ಟನ್, ಹೆಕ್ಟೇರಿಗೆ 16.35 ಟನ್. ಆ ಕಾಲಕ್ಕೆ ದೊಡ್ಡ ಕೆಲಸ. ತೊಂದರೆ ಏನೆಂದರೆ ಭಾಷಣಗಳಲ್ಲಿ, ಪಠ್ಯಗಳಲ್ಲಿ ಇವತ್ತಿಗೂ ಅದೇ ಅಂಕಿ ಓಡಾಡುತ್ತಿದೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಭೂಪಟ, 2011-13ರ ಉಪಗ್ರಹ ಚಿತ್ರಗಳನ್ನು ಓದಿ, ಕರ್ನಾಟಕದ ಶೇ 36ರಷ್ಟು ನೆಲ ಹದಗೆಟ್ಟಿದೆ ಎಂದಿತು. ಆದರೆ ಉಪಗ್ರಹಕ್ಕೆ ಕೊರಕಲು ಕಂಡಷ್ಟು ಸುಲಭವಾಗಿ ಲೂಯಿಸಾದಂಥ ತೆಳು ಪದರ ಕಾಣುವುದಿಲ್ಲ.

ನಮ್ಮಲ್ಲೂ ಅದೇ ಜಾಗಕ್ಕೆ ಮರಳಿ ಮರಳಿ ಹೋಗಿ ಅಳೆಯುವ ಒಂದು ಕೆಲಸ ನಡೆದಿದೆ, ಜಲಾಶಯಗಳಲ್ಲಿ. ತುಂಗಭದ್ರೆಯ ಅಣೆಕಟ್ಟು 133 ಟಿಎಂಸಿ ನೀರು ಹಿಡಿಯುವಂತೆ ಕಟ್ಟಿದ್ದು, ಈಗ 105.788 ಟಿಎಂಸಿ ಎಂಬ ಲೆಕ್ಕ ಬಂದದ್ದು ಹಾಗೆ. ಹೂಳು ತೆಗೆಯುವುದೋ, ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವುದೋ ಎಂಬ ಚರ್ಚೆ ವರ್ಷಗಳಿಂದ ಸಾಗಿದೆ. ಅದರ ಜೊತೆಗೆ ಆಗಬೇಕಾದ ಅಗ್ಗದ ಕೆಲಸವೊಂದಿದೆ. ಶಿವಮೊಗ್ಗ, ಧಾರವಾಡ, ರಾಯಚೂರು ಮೂರು ಕಡೆಯೂ ಕೃಷಿ ವಿಶ್ವವಿದ್ಯಾಲಯಗಳಿವೆ, ಪ್ರತಿ ವರ್ಷ ಹಳ್ಳಿಗೆ ಹೋಗುವ ವಿದ್ಯಾರ್ಥಿಗಳಿದ್ದಾರೆ. ಜಲಾಶಯದ ಮೇಲ್ಭಾಗದಲ್ಲಿ ಕೆಲವು ಸಾವಿರ ಚುಕ್ಕಿಗಳನ್ನು ಚೀಟಿಯಿಂದ ಆಯ್ದು, ಇಳಿಜಾರು, ಬೆಳೆ, ಬದುಗಳನ್ನು ಬರೆದಿಟ್ಟು, ಐದು ವರ್ಷಕ್ಕೊಮ್ಮೆ ಅದೇ ಚುಕ್ಕಿಗಳಿಗೆ ಮರಳಲಿ. ಎರಡನೇ ಸುತ್ತು ಮುಗಿಯುವವರೆಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಸಿಗದು, ಆದ್ದರಿಂದ ಮೊದಲನೆಯದನ್ನು ಬರುವ ಮುಂಗಾರಿಗೇ ಶುರುಮಾಡಬೇಕು.